ಕೋಟೆ, ಮ್ಯಾನರ್ ಮತ್ತು ವಾಡಿಕೆ: ಮಧ್ಯಯುಗದ ಇಂಗ್ಲೆಂಡಿನ ಊಳಿಗಮಾನ್ಯ ಸಮಾಜದ ದಿನಬದುಕು

ಯುರೋಪಿನ ಮಧ್ಯಯುಗ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಎತ್ತರದ ಕಲ್ಲುಕೋಟೆ, ಅದರ ಸುತ್ತಲಿನ ಕಂದಕ ಮತ್ತು ಕಬ್ಬಿಣದ ಕವಚ ತೊಟ್ಟ ಕುದುರೆ ಸವಾರ. ಈ ಚಿತ್ರ ಸುಳ್ಳಲ್ಲವಾದರೂ ಅಪೂರ್ಣ. ಕೋಟೆಯ ಅಡುಗೆಮನೆಗೆ ಬಂದ ಹಿಟ್ಟು, ಲಾಯಕ್ಕೆ ಬಂದ ಹುಲ್ಲು, ಒಲೆಗೆ ಬಂದ ಸೌದೆ ಎಲ್ಲವೂ ಸುತ್ತಲಿನ ಹಳ್ಳಿಗಳ ಒಕ್ಕಲುಗಳ ದುಡಿಮೆಯ ಫಲ. ಆ ದುಡಿಮೆ ಎಷ್ಟು ದಿನದ್ದು, ಯಾವ ಋತುವಿನದು, ಅದಕ್ಕೆ ಪ್ರತಿಯಾಗಿ ಸಿಗುವ ಊಟ ಯಾವುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತಿದ್ದುದು ‘ಮ್ಯಾನರಿನ ವಾಡಿಕೆ’ ಎಂದು ಆ ಕಾಲದ ಜನ ಕರೆಯುತ್ತಿದ್ದ ಕಟ್ಟುಪಾಡುಗಳ ಸಮೂಹ. ಈ ವಾಡಿಕೆ ಮೊದಲಿಗೆ ಹಿರಿಯರ ನೆನಪಿನಲ್ಲಿತ್ತು. ಕ್ರಮೇಣ ಒಡೆಯನ ತೊಗಲಿನ ಸುರುಳಿಗಳಲ್ಲಿ ಸೇರಿತು. ನೆನಪಿನಿಂದ ಬರಹಕ್ಕೆ ನಡೆದ ಈ ಸ್ಥಿತ್ಯಂತರದಲ್ಲಿ ವಾಡಿಕೆಯ ಒಡೆತನ ಯಾರದು ಎಂಬ ಪ್ರಶ್ನೆಯೇ ಒಡೆಯ ಮತ್ತು ಒಕ್ಕಲುಗಳ ನಡುವಣ ಸಂಘರ್ಷದ ಮೂಲವಾಯಿತು. ಕ್ರಿ.ಶ. ೧೨೦೦ರಿಂದ ೧೪೦೦ರವರೆಗಿನ ಇಂಗ್ಲೆಂಡಿನ ನಿದರ್ಶನಗಳ ಮೂಲಕ ಈ ಸಂಗತಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತು ಅಗತ್ಯ. ಫ್ಯೂಡಲಿಸಂ ಎಂಬುದಕ್ಕೆ ಕನ್ನಡದಲ್ಲಿ ‘ಊಳಿಗಮಾನ್ಯ ಪದ್ಧತಿ’ ಎಂಬ ಪದ ನೆಲೆಗೊಂಡಿದೆ. ಊಳಿಗ ಎಂದರೆ ಸೇವೆ, ಮಾನ್ಯ ಎಂದರೆ ತೆರಿಗೆಯಿಲ್ಲದೆ ಬಿಟ್ಟುಕೊಟ್ಟ ಭೂಮಿ. ಸೇವೆಗೆ ಪ್ರತಿಯಾಗಿ ಭೂಮಿ ಎಂಬ ಮೂಲತತ್ತ್ವವನ್ನು ಈ ಪದ ಸಮರ್ಥವಾಗಿ ಹಿಡಿದಿದೆ. ಆದರೆ ಫ್ಯೂಡಲಿಸಂ ಎಂಬ ಪದವನ್ನು ಮಧ್ಯಯುಗದ ಜನ ಬಳಸಿರಲಿಲ್ಲ. ಅದು ನಂತರದ ಕಾಲದ ವಿದ್ವಾಂಸರ ಸೃಷ್ಟಿ. ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್ ೧೯೩೯–೪೦ರಲ್ಲಿ ಪ್ರಕಟಿಸಿದ ತನ್ನ ಕೃತಿಯಲ್ಲಿ ಒಡೆಯ–ಸಾಮಂತ ಸಂಬಂಧವನ್ನಷ್ಟೇ ನೋಡದೆ ರೈತನ ಅಧೀನತೆಯನ್ನೂ ಒಳಗೊಂಡ ಇಡೀ ಸಮಾಜದ ಸ್ವರೂಪವಾಗಿ ಅದನ್ನು ವಿವರಿಸಿದ. ೧೯೭೪ರಲ್ಲಿ ಎಲಿಜಬೆತ್ ಬ್ರೌನ್, ೧೯೯೪ರಲ್ಲಿ ಸೂಸನ್ ರೆನಾಲ್ಡ್ಸ್ ಈ ಪರಿಕಲ್ಪನೆಯೇ ಸಾಕ್ಷ್ಯಗಳನ್ನು ಮರೆಮಾಡುತ್ತದೆ ಎಂದು ವಾದಿಸಿದರು. ಭಾರತದ ಸಂದರ್ಭದಲ್ಲಿ ಆರ್. ಎಸ್. ಶರ್ಮ ಮತ್ತು ಹರ್ಬನ್ಸ್ ಮುಖಿಯಾ ಅವರ ನಡುವೆ ನಡೆದ ವಾಗ್ವಾದವೂ ವಿದ್ವಾಂಸರಿಗೆ ಪರಿಚಿತ. ಆದ್ದರಿಂದ ಇಲ್ಲಿ ‘ಊಳಿಗಮಾನ್ಯ’ ಎಂಬುದನ್ನು ಇಂಗ್ಲೆಂಡಿನ ಮ್ಯಾನರ್ ವ್ಯವಸ್ಥೆಗೆ ಸೀಮಿತವಾಗಿ ಬಳಸಲಾಗಿದೆ.

ಕೋಟೆಯ ಒಳಗಣ ಬದುಕು

೧೦೬೬ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಅಲ್ಲಿ ಕೋಟೆಗಳ ನಿರ್ಮಾಣ ವ್ಯಾಪಕವಾಯಿತು. ಆರಂಭದ ಕೋಟೆಗಳು ಮಣ್ಣಿನ ದಿಬ್ಬದ ಮೇಲೆ ಮರದಿಂದ ಕಟ್ಟಿದವು. ಕಲ್ಲಿನ ಗೋಡೆ, ಗೋಪುರಗಳು ಕ್ರಮೇಣ ಅವುಗಳ ಸ್ಥಾನವನ್ನು ಪಡೆದವು. ಕೋಟೆಯು ಯುದ್ಧದ ನೆಲೆಯಾಗಿದ್ದಂತೆಯೇ ಆಡಳಿತದ ಕಚೇರಿ, ಉಗ್ರಾಣ, ನ್ಯಾಯಸ್ಥಾನ ಹಾಗೂ ಮನೆಯೂ ಆಗಿತ್ತು. ಶಾಂತಿಕಾಲದಲ್ಲಿ ಅಲ್ಲಿರುತ್ತಿದ್ದ ಕಾವಲು ಪಡೆ ಚಿಕ್ಕದು. ಅನೇಕ ಮ್ಯಾನರುಗಳನ್ನು ಹೊಂದಿದ್ದ ದೊಡ್ಡ ಒಡೆಯ ಒಂದೇ ಕಡೆ ನೆಲೆ ನಿಲ್ಲುತ್ತಿರಲಿಲ್ಲ. ಒಂದು ಕಡೆಯ ದವಸ ಧಾನ್ಯ ತೀರುತ್ತಿದ್ದಂತೆ ಪರಿವಾರದೊಡನೆ ಇನ್ನೊಂದು ಕಡೆಗೆ ಹೊರಡುತ್ತಿದ್ದ. ಹಾಸಿಗೆ, ಪಾತ್ರೆ, ಗೋಡೆಗೆ ತೂಗುಹಾಕುವ ಬಟ್ಟೆಗಳೂ ಗಾಡಿಗಳಲ್ಲಿ ಜೊತೆಗೇ ಸಾಗುತ್ತಿದ್ದವು.

ಕೋಟೆಯ ಬದುಕಿನ ನಡುಮನೆ ‘ಹಾಲ್’ ಎಂಬ ದೊಡ್ಡ ಚಾವಡಿ. ಅದರ ನಡುವೆ ತೆರೆದ ಒಲೆ, ಛಾವಣಿಯಲ್ಲಿ ಹೊಗೆ ಹೋಗಲು ಕಿಂಡಿ, ನೆಲದ ಮೇಲೆ ಹರಡಿದ ಜೊಂಡುಹುಲ್ಲು. ಒಂದು ತುದಿಯಲ್ಲಿ ಎತ್ತರಿಸಿದ ಜಗಲಿಯ ಮೇಲೆ ಒಡೆಯ, ಒಡತಿ ಮತ್ತು ಗಣ್ಯ ಅತಿಥಿಗಳ ಪಂಕ್ತಿ. ಕೆಳಗೆ ಸ್ಥಾನಮಾನಕ್ಕೆ ತಕ್ಕಂತೆ ಉಳಿದವರ ಸಾಲು. ಊಟವಾದ ಮೇಲೆ ಕಾಲುಗಳ ಮೇಲೆ ಜೋಡಿಸಿದ ಹಲಗೆಗಳನ್ನು ತೆಗೆದಿಟ್ಟರೆ ಅದೇ ಚಾವಡಿ ರಾತ್ರಿ ಆಳುಗಳು ಮಲಗುವ ಸ್ಥಳ. ಕೆಂಟ್ ಪ್ರಾಂತದ ಪೆನ್ಸ್‌ಹರ್ಸ್ಟ್‌ನಲ್ಲಿ ೧೩೪೧ರಲ್ಲಿ ಕಟ್ಟತೊಡಗಿದ ಹಾಲ್‌ನ ನಡು ಒಲೆಯನ್ನು ಇಂದಿಗೂ ಕಾಣಬಹುದು. ಒಡೆಯನ ಕುಟುಂಬಕ್ಕೆ ಹಾಲ್‌ಗೆ ಹೊಂದಿಕೊಂಡಂತೆ ‘ಸೋಲಾರ್’ ಎಂಬ ಖಾಸಗಿ ಕೋಣೆಯಿತ್ತು. ಕೋಟೆಯ ಹಿರಿಮೆಯನ್ನು ಬಯಸಿದವರೆಲ್ಲ ಯೋಧರೇ ಆಗಿರಲಿಲ್ಲ. ಶ್ರಾಪ್‌ಶೈರಿನ ಸ್ಟೋಕ್‌ಸೇ ಮನೆಗೆ ಕೋಟೆಯ ಗೋಡೆ ಕಟ್ಟಿಕೊಳ್ಳಲು ೧೨೯೧ರಲ್ಲಿ ಅರಸನ ಪರವಾನಗಿ ಪಡೆದ ಲಾರೆನ್ಸ್ ಆಫ್ ಲಡ್ಲೋ ಉಣ್ಣೆಯ ವ್ಯಾಪಾರಿ.

ಮನೆವಾರ್ತೆಯ ವಿವರಗಳಿಗೆ ಅಮೂಲ್ಯ ಆಕರವೆಂದರೆ ಸೈಮನ್ ಡಿ ಮಾಂಟ್‌ಫರ್ಟ್‌ನ ಪತ್ನಿ ಎಲಿನಾರ್‌ಳ ಪರಿವಾರದ ೧೨೬೫ರ ಲೆಕ್ಕದ ಸುರುಳಿ. ಅದರಲ್ಲಿ ಪ್ರತಿದಿನದ ಖರ್ಚನ್ನು ರೊಟ್ಟಿ, ಪಾನೀಯ, ಅಡುಗೆಮನೆ, ಕುದುರೆಲಾಯ ಎಂದು ವಿಂಗಡಿಸಿ ಬರೆಯಲಾಗಿದೆ. ಆ ವರ್ಷದ ಆಗಸ್ಟ್ ೪ರಂದು ಈವ್‌ಶಮ್ ಕಾಳಗದಲ್ಲಿ ಸೈಮನ್ ಹತನಾದ. ದೇಶದ ರಾಜಕಾರಣ ಬುಡಮೇಲಾಗುತ್ತಿದ್ದ ದಿನಗಳಲ್ಲೂ ಮೀನು, ಧಾನ್ಯ, ಕುದುರೆಯ ಮೇವಿನ ಲೆಕ್ಕ ಸಾಗಿತ್ತು ಎಂಬುದು ಗಮನಾರ್ಹ. ಕ್ರೈಸ್ತ ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧವಾದುದರಿಂದ ಉಪ್ಪುಹಾಕಿದ ಹೆರಿಂಗ್ ಮೀನು ಶ್ರೀಮಂತರ ಮನೆಯಲ್ಲೂ ನಿತ್ಯದ ಆಹಾರ. ಶುಂಠಿ, ದಾಲ್ಚಿನ್ನಿ, ಮೆಣಸು ಸಿರಿವಂತಿಕೆಯ ಗುರುತುಗಳು. ಭಾರತದ ಪಶ್ಚಿಮ ಕರಾವಳಿಯಿಂದ ಹೊರಟು ಹಲವು ಕೈ ಬದಲಾಯಿಸಿ ಅಲ್ಲಿಗೆ ತಲುಪುತ್ತಿದ್ದ ಕರಿಮೆಣಸು ಎಷ್ಟು ಬೆಲೆಯುಳ್ಳದ್ದಾಗಿತ್ತೆಂದರೆ, ಕೆಲವು ಸ್ವತಂತ್ರ ಒಕ್ಕಲುಗಳ ವಾರ್ಷಿಕ ಗೇಣಿಯನ್ನೇ ಒಂದು ಪೌಂಡ್ ಮೆಣಸು ಎಂದು ಗೊತ್ತುಪಡಿಸಲಾಗುತ್ತಿತ್ತು.

ಹಾಲ್‌ನಲ್ಲಿ ಎಲ್ಲರೆದುರು ಉಣ್ಣುವುದು ಒಡೆತನದ ಧರ್ಮವೆಂದು ಭಾವಿಸಲಾಗಿತ್ತು. ಲಿಂಕನ್ನಿನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ೧೨೪೦ರ ದಶಕದಲ್ಲಿ ಲಿಂಕನ್ನಿನ ಕೌಂಟೆಸ್‌ಗಾಗಿ ಬರೆದ ಮನೆವಾರ್ತೆಯ ನಿಯಮಗಳಲ್ಲಿ, ಒಡತಿ ತನ್ನ ಜನರ ಎದುರು ಕುಳಿತೇ ಊಟಮಾಡಬೇಕು, ಮರೆಯ ಕೋಣೆಗಳಲ್ಲಿ ಉಣ್ಣುವುದನ್ನು ತಡೆಯಬೇಕು ಎಂದು ಸಲಹೆ ಮಾಡಿದ್ದಾನೆ. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ರಚಿತವಾದ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ ಶ್ರೀಮಂತರು ಹಾಲ್ ಬಿಟ್ಟು ಖಾಸಗಿ ಕೋಣೆಗೆ ಸರಿಯುತ್ತಿದ್ದಾರೆಂಬ ದೂರು ಕೇಳಿಬರುತ್ತದೆ. ಸಹಪಂಕ್ತಿಯ ಈ ಆದರ್ಶ ಸಮಾನತೆಯದಲ್ಲ; ಪ್ರತಿಯೊಬ್ಬನಿಗೂ ತನ್ನ ಸ್ಥಾನವನ್ನು ದಿನವೂ ತೋರಿಸಿಕೊಡುವ ಆಚರಣೆ ಅದಾಗಿತ್ತು. ಆದರೂ ಅದರಲ್ಲಿ ಉಣಿಸುವ ಹೊಣೆಯೊಂದು ಅಡಗಿತ್ತು. ಒಕ್ಕಲುಗಳು ಆ ಹೊಣೆಯನ್ನು ಮರೆತವರಲ್ಲ ಎಂಬುದು ಮುಂದೆ ಸ್ಪಷ್ಟವಾಗುತ್ತದೆ.

ಮ್ಯಾನರ್: ಹೊಲ, ಒಕ್ಕಲು, ದುಡಿಮೆ

ಮ್ಯಾನರ್ ಎಂದರೆ ಒಬ್ಬ ಒಡೆಯನ ಅಧಿಕಾರಕ್ಕೆ ಒಳಪಟ್ಟ ಭೂಹಿಡುವಳಿ. ಒಡೆಯ ರಾಜನೋ ಬಿಷಪನೋ ಮಠವೋ ಸಾಧಾರಣ ನೈಟ್ ಒಬ್ಬನೋ ಆಗಿರಬಹುದು. ಮ್ಯಾನರಿನ ಒಂದು ಭಾಗ ಒಡೆಯನ ಸ್ವಂತ ಬೇಸಾಯದ ಹೊಲ; ಅದನ್ನು ‘ಡಿಮೇನ್’ ಎನ್ನುತ್ತಿದ್ದರು. ಉಳಿದದ್ದು ಒಕ್ಕಲುಗಳ ಹಿಡುವಳಿ ಮತ್ತು ಎಲ್ಲರಿಗೂ ಸೇರಿದ ಹುಲ್ಲುಗಾವಲು, ಕಾಡು, ಗೋಮಾಳ. ೧೨೭೯ರ ‘ಹಂಡ್ರೆಡ್ ರೋಲ್ಸ್’ ಎಂಬ ಸಮೀಕ್ಷೆಯನ್ನು ಅಭ್ಯಸಿಸಿದ ರಷ್ಯಾದ ವಿದ್ವಾಂಸ ಕೊಸ್ಮಿನ್‌ಸ್ಕಿ, ಒಂದು ಹಳ್ಳಿಗೆ ಒಂದು ಮ್ಯಾನರ್ ಎಂಬ ಸರಳ ಚಿತ್ರ ಎಲ್ಲೆಡೆ ಸಲ್ಲದು, ವಾರದ ಬಿಟ್ಟಿದುಡಿಮೆಯೂ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿರಲಿಲ್ಲ ಎಂದು ತೋರಿಸಿಕೊಟ್ಟಿದ್ದಾನೆ. ಈ ಎಚ್ಚರಿಕೆಯೊಡನೆಯೇ ಮುಂದಿನ ವಿವರಗಳನ್ನು ಗ್ರಹಿಸಬೇಕು.

ಇಂಗ್ಲೆಂಡಿನ ನಡುನಾಡಿನ ಅನೇಕ ಹಳ್ಳಿಗಳಲ್ಲಿ ಬೇಲಿಯಿಲ್ಲದ ಎರಡು ಅಥವಾ ಮೂರು ವಿಶಾಲ ಬಯಲು ಹೊಲಗಳಿದ್ದವು. ಮೂರು ಬಯಲುಗಳಿದ್ದಲ್ಲಿ ಒಂದರಲ್ಲಿ ಚಳಿಗಾಲಕ್ಕೆ ಮುನ್ನ ಬಿತ್ತುವ ಗೋಧಿ ಅಥವಾ ರೈ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬಾರ್ಲಿ, ಓಟ್ಸ್, ಬಟಾಣಿ. ಮೂರನೆಯದು ಆ ವರ್ಷಕ್ಕೆ ಬೀಳು. ಪ್ರತಿ ಒಕ್ಕಲಿನ ಭೂಮಿಯೂ ಉದ್ದನೆಯ ಪಟ್ಟಿಗಳಾಗಿ ಬಯಲಿನ ತುಂಬ ಚದುರಿರುತ್ತಿತ್ತು. ಸುಮಾರು ೩೦ ಎಕರೆಯ ‘ವರ್ಗೇಟ್’ ಉಳ್ಳವನು ಅನುಕೂಲಸ್ಥ. ಅರ್ಧ ವರ್ಗೇಟಿನವನು ಸಾಮಾನ್ಯ. ಕೆಲವೇ ಎಕರೆಯ ಗುಡಿಸಲಿಗ ಕೂಲಿಯನ್ನೇ ನಂಬಿದವನು. ಭಾರವಾದ ನೇಗಿಲಿಗೆ ಎಂಟು ಎತ್ತುಗಳನ್ನು ಕಟ್ಟುವ ರೂಢಿಯಿದ್ದುದರಿಂದ ಹಲವು ಮನೆಗಳವರು ಸೇರಿ ಎತ್ತುಗಳನ್ನು ಹೊಂದಿಸಿಕೊಳ್ಳುವುದು ಅನಿವಾರ್ಯವಾಗಿತ್ತು. ಬಿತ್ತಿದ ಗೋಧಿಯ ನಾಲ್ಕು ಪಟ್ಟು ಬೆಳೆ ಬಂದರೆ ಅದು ತೃಪ್ತಿಕರ. ಅದರಲ್ಲಿ ಒಂದು ಪಾಲು ಬೀಜಕ್ಕೆ, ಹತ್ತರಲ್ಲೊಂದು ಚರ್ಚಿಗೆ, ಮಿಕ್ಕುದರಲ್ಲಿ ಗಿರಣಿಯ ಸುಂಕ ಕಳೆದು ಉಳಿದದ್ದು ಮನೆಗೆ.

‘ವಿಲೆನ್’ ಎಂದು ಕರೆಯಲಾಗುತ್ತಿದ್ದ ಅಸ್ವತಂತ್ರ ಒಕ್ಕಲು ವಾರಕ್ಕೆ ಎರಡು–ಮೂರು ದಿನ ಡಿಮೇನ್‌ನಲ್ಲಿ ದುಡಿಯಬೇಕಾಗಿದ್ದ ಮ್ಯಾನರುಗಳಿದ್ದವು. ಸುಗ್ಗಿಯಲ್ಲಿ ಇದು ಹೆಚ್ಚುತ್ತಿತ್ತು. ಮಗಳ ಮದುವೆಗೆ ‘ಮರ್ಚೆಟ್’ ಎಂಬ ಕಾಣಿಕೆ, ಒಕ್ಕಲು ಸತ್ತಾಗ ಮನೆಯ ಅತ್ಯುತ್ತಮ ಪಶುವನ್ನು ಒಪ್ಪಿಸುವ ‘ಹೆರಿಯಟ್’, ಊರು ಬಿಟ್ಟು ಹೊರಗಿರಲು ‘ಚೆವೇಜ್’, ಒಡೆಯನ ಗಿರಣಿಯಲ್ಲಿಯೇ ಧಾನ್ಯ ಬೀಸಿಸುವ ನಿರ್ಬಂಧ ಇವು ಅವನ ಅಧೀನತೆಯ ಗುರುತುಗಳು. ಹೆರಿಯಟ್‌ನ ನಂತರ ಎರಡನೆಯ ಒಳ್ಳೆಯ ಪಶುವನ್ನು ಅನೇಕ ಕಡೆ ಪಾದ್ರಿ ಕೇಳುತ್ತಿದ್ದ. ಯಜಮಾನನನ್ನು ಕಳೆದುಕೊಂಡ ವಾರದಲ್ಲಿಯೇ ಉಳುವ ಎತ್ತನ್ನೂ ಕರೆಯುವ ಹಸುವನ್ನೂ ಕಳೆದುಕೊಂಡ ಮನೆಯ ಸ್ಥಿತಿಯನ್ನು ಊಹಿಸಬಹುದು.

ಯಾರ್ಕ್‌ಶೈರಿನ ವಾರಮ್ ಪರ್ಸಿ ಎಂಬ ಪಾಳುಬಿದ್ದ ಹಳ್ಳಿಯಲ್ಲಿ ೧೯೫೦ರಿಂದ ೧೯೯೦ರವರೆಗೆ ಮಾರಿಸ್ ಬೆರೆಸ್‌ಫರ್ಡ್ ಮತ್ತು ಜಾನ್ ಹರ್ಸ್ಟ್ ಅವರ ನೇತೃತ್ವದಲ್ಲಿ ನಡೆದ ಉತ್ಖನನ ರೈತನ ಮನೆಯ ಬಗ್ಗೆ ಹೊಸ ಬೆಳಕು ಚೆಲ್ಲಿತು. ಒಂದೇ ಸೂರಿನಡಿ ಒಂದು ತುದಿಯಲ್ಲಿ ಮನುಷ್ಯರು, ಇನ್ನೊಂದು ತುದಿಯಲ್ಲಿ ದನಗಳು ಇರುತ್ತಿದ್ದ ಉದ್ದಮನೆಗಳ ಅವಶೇಷಗಳು ಅಲ್ಲಿ ದೊರೆತವು. ಮನೆಯ ನೆಲ ನಡುವೆ ತಗ್ಗಾಗಿ ಸವೆದಿದ್ದುದನ್ನು ಪದೇ ಪದೇ ಗುಡಿಸಿದ್ದರ ಪರಿಣಾಮವೆಂದು ಉತ್ಖನನಕಾರರು ವಿವರಿಸಿದರು. ರೈತನ ಮನೆ ಕೊಳಕಿನ ಗೂಡು ಎಂಬ ಹಳೆಯ ಕಲ್ಪನೆಯನ್ನು ಪೊರಕೆಯ ಈ ಗುರುತು ಅಲುಗಾಡಿಸಿತು. ಬಾರ್ಲಿ ಅಥವಾ ರೈ ರೊಟ್ಟಿ, ಬಟಾಣಿ–ಅವರೆಗಳ ಗಂಜಿ, ಗಿಣ್ಣು, ಆಗೀಗ ಉಪ್ಪಿಟ್ಟ ಹಂದಿಮಾಂಸ, ಮನೆಯಲ್ಲೇ ಕಾಸಿದ ಏಲ್ ಎಂಬ ಪಾನೀಯ ಇವು ಅಲ್ಲಿನವರ ಆಹಾರ. ಏಲ್ ತಯಾರಿಸಿ ಮಾರುವುದು ಬಹುಮಟ್ಟಿಗೆ ಹೆಂಗಸರ ಕಸುಬು. ಅಳತೆಯಲ್ಲಿ ಮೋಸ, ರುಚಿ ನೋಡುವ ಅಧಿಕಾರಿಯನ್ನು ಕರೆಯದಿರುವುದು ಮುಂತಾದ ಕಾರಣಗಳಿಗೆ ಅವರು ತೆತ್ತ ದಂಡಗಳು ನ್ಯಾಯಸಭೆಯ ಸುರುಳಿಗಳಲ್ಲಿ ತುಂಬಿವೆ. ಹಳ್ಳಿಯ ಹೆಂಗಸರ ಹೆಸರುಗಳು ಇತಿಹಾಸಕ್ಕೆ ದಕ್ಕಿರುವುದು ಹೆಚ್ಚಾಗಿ ಈ ದಂಡಗಳ ಮೂಲಕವೇ.

ವಾಡಿಕೆ ಎಂಬ ಅಲಿಖಿತ ಕಟ್ಟುಪಾಡು

ಒಕ್ಕಲಿನ ಮೇಲಣ ಹೊರೆ ಭಾರವಾದದ್ದು; ಆದರೆ ಅದು ಮೇರೆಯಿಲ್ಲದ್ದಲ್ಲ. ಆ ಮೇರೆಯನ್ನು ಹಾಕಿದ್ದು ವಾಡಿಕೆ. ದುಡಿಮೆಯ ಅಳತೆ, ಊಟದ ಪ್ರಮಾಣ, ಬಿಡುವಿನ ದಿನ ಎಲ್ಲಕ್ಕೂ ಊರಿನದೇ ಲೆಕ್ಕವಿತ್ತು. ಸುಗ್ಗಿಯಲ್ಲಿ ಒಡೆಯನು ಹೆಚ್ಚುವರಿಯಾಗಿ ಕೇಳುವ ದುಡಿಮೆಯನ್ನು ‘ಬೆಡ್ರಿಪ್’ ಎನ್ನುತ್ತಿದ್ದರು. ಕೇಳಿಕೊಂಡು ಮಾಡಿಸುವ ಕೊಯ್ಲು ಎಂಬುದು ಆ ಪದದ ಅರ್ಥ. ಊಟದೊಡನೆ ಏಲ್ ಕೊಟ್ಟರೆ ಅದು ‘ಏಲ್ ಬೆಡ್ರಿಪ್’, ನೀರು ಮಾತ್ರ ಕೊಟ್ಟರೆ ‘ವಾಟರ್ ಬೆಡ್ರಿಪ್’, ಏನೂ ಕೊಡದಿದ್ದರೆ ‘ಹಂಗರ್ ಬೆಡ್ರಿಪ್’, ಅಂದರೆ ಹಸಿವಿನ ಕೊಯ್ಲು. ಒಂದೇ ಬಗೆಯ ದುಡಿಮೆಗೆ ಮೂರು ಹೆಸರಿಟ್ಟವರು ಉಣ್ಣದೆ ದುಡಿದ ದಿನವನ್ನು ಪ್ರತ್ಯೇಕವಾಗಿ ನೆನಪಿಟ್ಟಿದ್ದರು.

ಬರಹವಿಲ್ಲದ ಕಡೆ ಅಳತೆಗೆ ದೇಹವೇ ಆಧಾರ. ಹುಲ್ಲು ಕೊಯ್ದವನು ದಿನದ ಕೊನೆಗೆ ತನ್ನ ಉದ್ದ ಹಿಡಿಯ ಕುಡುಗೋಲಿನ ಮೇಲೆ ಎತ್ತಬಲ್ಲಷ್ಟು ಹುಲ್ಲನ್ನು ಮನೆಗೆ ಒಯ್ಯಬಹುದೆಂಬ ವಾಡಿಕೆ ಅನೇಕ ಮ್ಯಾನರುಗಳಲ್ಲಿತ್ತು. ಆಸೆಪಟ್ಟು ಎತ್ತಿದ ಹೊರೆಗೆ ಹಿಡಿ ಮುರಿದರೆ ಹುಲ್ಲು ಕೈತಪ್ಪಿತು. ಕೆಲವೆಡೆ ಕೊಯ್ಲು ಮುಗಿದ ಹುಲ್ಲುಗಾವಲಿನಲ್ಲಿ ಟಗರೊಂದನ್ನು ಬಿಡುತ್ತಿದ್ದರು. ಕೊಯ್ದವರು ಹಿಡಿದರೆ ಅವರದು, ತಪ್ಪಿಸಿಕೊಂಡರೆ ಒಡೆಯನದು. ಕೊಯ್ದ ಹೊಲದಲ್ಲಿ ಹಕ್ಕಲಾಯುವುದಕ್ಕೂ ನಿಯಮವಿತ್ತು. ದುಡಿಯಲು ಶಕ್ತರಾದವರು ಕೂಲಿಗೆ ಕೊಯ್ಯಬೇಕು. ಹಕ್ಕಲು ಮುದುಕರಿಗೆ, ಅಶಕ್ತರಿಗೆ, ಮಕ್ಕಳಿಗೆ ಮೀಸಲು ಎಂದು ಊರವರೇ ಸೇರಿ ಕಟ್ಟುಮಾಡಿದ ದಾಖಲೆಗಳಿವೆ.

ಕ್ರಿಸ್‌ಮಸ್ ಊಟದ ವಾಡಿಕೆಗಳು ಒಡೆಯನ ಹೊಣೆಯನ್ನು ಸ್ಪಷ್ಟಪಡಿಸುತ್ತವೆ. ಸಾಮರ್ಸೆಟ್ ಪ್ರಾಂತದ ನಾರ್ತ್ ಕರ್ರಿಯ ಒಕ್ಕಲುಗಳಿಗೆ ಹಬ್ಬದ ದಿನ ಒಡೆಯನ ಮನೆಯಲ್ಲಿ ಬಿಳಿ ರೊಟ್ಟಿ, ಮಾಂಸ, ಗಿಣ್ಣು ಮತ್ತು ಏಲ್ ದೊರೆಯಬೇಕು. ಒಂದಾದ ಮೇಲೊಂದರಂತೆ ಎರಡು ಮೇಣದ ಬತ್ತಿಗಳು ಉರಿದು ಮುಗಿಯುವವರೆಗೆ ಅವರು ಕುಳಿತು ಕುಡಿಯಬಹುದು ಎಂದು ಗೊತ್ತುಪಡಿಸಲಾಗಿತ್ತು. ಬತ್ತಿಯೇ ಇಲ್ಲಿ ಕಾಲದ ಅಳತೆ. ಇವನ್ನು ಒಡೆಯನ ಔದಾರ್ಯವೆಂದು ಬಣ್ಣಿಸುವುದು ಸರಿಯಾಗದು. ಒಕ್ಕಲುಗಳು ಇವನ್ನು ಹಕ್ಕುಗಳೆಂದೇ ತಿಳಿದಿದ್ದರು. ಆದ್ದರಿಂದಲೇ ಇವು ವಾಡಿಕೆಗಳ ಪಟ್ಟಿಯಲ್ಲಿ ಸೇರಿವೆ.

ವರ್ಷದ ಲೆಕ್ಕವೂ ಹಬ್ಬಗಳ ಹೆಸರಿನಲ್ಲಿಯೇ ನಡೆಯುತ್ತಿತ್ತು. ಸೆಪ್ಟೆಂಬರ್ ೨೯ರ ಮೈಕಲ್‌ಮಸ್ ಲೆಕ್ಕಪತ್ರ ಮುಗಿಸುವ ದಿನ. ನವೆಂಬರ್ ೧೧ರ ಮಾರ್ಟಿನ್‌ಮಸ್ ಚಳಿಗಾಲಕ್ಕೆ ಮಾಂಸ ಸಿದ್ಧಪಡಿಸುವ ಕಾಲ. ಕ್ರಿಸ್‌ಮಸ್ಸಿನ ಹನ್ನೆರಡು ದಿನಗಳ ಬಿಡುವಿನ ನಂತರ ನೇಗಿಲು ಮತ್ತೆ ಹೊಲಕ್ಕಿಳಿಯುತ್ತಿತ್ತು. ಆಗಸ್ಟ್ ೧ರ ಲ್ಯಾಮಸ್ ಹೊಸ ಗೋಧಿಯ ರೊಟ್ಟಿಯ ಹಬ್ಬ. ವಸಂತದ ರೊಗೇಷನ್ ದಿನಗಳಲ್ಲಿ ಪಾದ್ರಿಯೊಡನೆ ಊರವರು ಮೆರವಣಿಗೆಯಾಗಿ ಹೊಲಗಳನ್ನೂ ಊರಿನ ಎಲ್ಲೆಯನ್ನೂ ಸುತ್ತುತ್ತಿದ್ದರು. ಎಲ್ಲೆಕಲ್ಲು ಚಿಕ್ಕವರ ನೆನಪಿನಲ್ಲಿ ಉಳಿಯಲೆಂದು ಹುಡುಗರನ್ನು ಅಲ್ಲಿ ಹೊಡೆಯುವ, ಕಲ್ಲಿಗೆ ತಾಗಿಸುವ ಪದ್ಧತಿ ನಂತರದ ಶತಮಾನಗಳ ದಾಖಲೆಗಳಲ್ಲಿ ಕಾಣಸಿಗುತ್ತದೆ. ಬೆಳೆಯ ರಕ್ಷಣೆಯ ಪ್ರಾರ್ಥನೆ ಹಾಗೂ ಗಡಿಯ ನೆನಪು ಒಂದೇ ಆಚರಣೆಯಲ್ಲಿ ಬೆಸೆದುಕೊಂಡಿರುವ ನಿದರ್ಶನವಿದು.

ನ್ಯಾಯಸಭೆ: ನೆನಪು ಮತ್ತು ಸುರುಳಿ

ವಾಡಿಕೆ ಪರೀಕ್ಷೆಗೆ ಒಳಗಾಗುತ್ತಿದ್ದ ಸ್ಥಳ ಮ್ಯಾನರಿನ ನ್ಯಾಯಸಭೆ. ಒಡೆಯನ ಪರವಾಗಿ ಸ್ಟೂವರ್ಡ್ ಎಂಬ ಅಧಿಕಾರಿ ಅದರಲ್ಲಿ ಕೂರುತ್ತಿದ್ದ. ಆದರೆ ವಾಡಿಕೆ ಏನೆಂದು ಹೇಳುವವರು ಊರಿನ ಒಕ್ಕಲುಗಳೇ. ಸಾಮಾನ್ಯವಾಗಿ ಪ್ರಮಾಣ ಮಾಡಿದ ಹನ್ನೆರಡು ಮಂದಿ. ಮೇವು ಕದ್ದದ್ದು, ಉಳುವಾಗ ನೆರೆಯವನ ಪಟ್ಟಿಯನ್ನು ಒತ್ತರಿಸಿದ್ದು, ಬಿಟ್ಟಿಗೆ ತಡವಾಗಿ ಬಂದದ್ದು, ಬೈದದ್ದು, ಬಡಿದದ್ದು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಭೂಮಿಯನ್ನು ವರ್ಗಾಯಿಸುವವನು ಸ್ಟೂವರ್ಡ್‌ನ ಕೈಗೆ ಒಂದು ಕೋಲನ್ನು ಕೊಡುತ್ತಿದ್ದ. ಹೊಸ ಒಕ್ಕಲು ಅದೇ ಕೋಲನ್ನು ಅವನಿಂದ ಪಡೆಯುತ್ತಿದ್ದ. ಎಲ್ಲರೂ ಕಂಡ ಈ ಕ್ರಿಯೆಯೇ ಪತ್ರಕ್ಕೆ ಸಮಾನ.

ಒಡೆಯನ ಕೆಲಸ ಮಾಡಿಸಲು ಒಕ್ಕಲುಗಳಲ್ಲೇ ಒಬ್ಬನನ್ನು ‘ರೀವ್’ ಆಗಿ ಆರಿಸಲಾಗುತ್ತಿತ್ತು. ಅವನದು ಇಕ್ಕಟ್ಟಿನ ಸ್ಥಾನ. ರಾಮ್ಸೆ ಮಠಕ್ಕೆ ಸೇರಿದ ಎಲ್ಟನ್ ಮ್ಯಾನರಿನಲ್ಲಿ, ಒಡೆಯನಿಗೆ ಸಲ್ಲಬೇಕಾದ ದುಡಿಮೆಯನ್ನು ರೀವ್ ತನ್ನ ಹೊಲಕ್ಕೆ ಬಳಸಿಕೊಂಡನೆಂದು ನೆರೆಯವರು ಚರ್ಚಿನ ಅಂಗಳದಲ್ಲಿಯೇ ಆಪಾದಿಸಿದ ಪ್ರಕರಣ ೧೩ನೆಯ ಶತಮಾನದ ಕೊನೆಯ ಭಾಗದ ಸುರುಳಿಯಲ್ಲಿದೆ. ಒಕ್ಕಲುಗಳ ದುಡಿಮೆಯ ಮೇಲೆ ಒಡೆಯರಿಗಿದ್ದ ಅಪನಂಬಿಕೆಯನ್ನು ಅದೇ ಕಾಲದ ವಾಲ್ಟರ್ ಆಫ್ ಹೆನ್ಲಿಯ ಬೇಸಾಯಗ್ರಂಥ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ವಾಡಿಕೆಯ ಆಳುಗಳು ಕೆಲಸಗಳ್ಳರು, ಅವರ ಮೇಲೆ ಕಣ್ಣಿಟ್ಟಿರಬೇಕೆಂಬುದು ಅವನ ಉಪದೇಶ.

ಎಲ್ಟನ್‌ನದೇ ಇನ್ನೊಂದು ಪ್ರಕರಣ ಈ ಲೇಖನದ ವಸ್ತುವಿಗೆ ಕೀಲಿಕೈಯಂತಿದೆ. ೧೩೦೦ರ ಆಸುಪಾಸಿನಲ್ಲಿ ಒಡೆಯನ ಗಾಡಿಗಳಿಗೆ ಹುಲ್ಲು ಹೇರಲಿಲ್ಲವೆಂದು ಒಕ್ಕಲುಗಳ ಮೇಲೆ ಆಪಾದನೆ ಬಂತು. ತಾವು ಹಿಂದೆ ಅದನ್ನು ಮಾಡಿದ್ದು ಕೇಳಿಕೊಂಡದ್ದಕ್ಕೆ, ಪ್ರೀತಿಯಿಂದ. ಕಟ್ಟುಪಾಡಿನಿಂದಲ್ಲ ಎಂದು ಅವರು ಉತ್ತರಿಸಿದರು. ಮಠದಲ್ಲಿರುವ ವಾಡಿಕೆಗಳ ದಾಖಲೆ ಪುಸ್ತಕವನ್ನು ನೋಡಬೇಕೆಂದು ತೀರ್ಮಾನವಾಯಿತು. ಒಮ್ಮೆ ಸದ್ಭಾವದಿಂದ ಮಾಡಿದ ಕೆಲಸ ಮರುವರ್ಷ ಕರ್ತವ್ಯವಾಗಿ ಬರಹಕ್ಕೆ ಇಳಿಯಬಹುದೆಂಬ ಅರಿವು ಆ ಉತ್ತರದಲ್ಲಿದೆ. ನಿರ್ಣಯದ ಆಧಾರವು ಸಭೆಯಲ್ಲಿ ನಿಂತ ಊರವರ ಮಾತಿನಿಂದ ದೂರದ ಮಠದ ಕಪಾಟಿಗೆ ಸರಿದದ್ದೂ ಅಷ್ಟೇ ಮಹತ್ವದ್ದು.

ಮೈಕೆಲ್ ಕ್ಲ್ಯಾಂಚಿ ೧೯೭೯ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ೧೦೬೬ರಿಂದ ೧೩೦೭ರವರೆಗೆ ಇಂಗ್ಲೆಂಡಿನ ಆಡಳಿತ ನೆನಪಿನಿಂದ ಲಿಖಿತ ದಾಖಲೆಯ ಕಡೆಗೆ ಸಾಗಿದ ಬಗೆಯನ್ನು ವಿವರಿಸಿದ್ದಾನೆ. ಉಳಿದುಬಂದಿರುವ ಮ್ಯಾನರ್ ನ್ಯಾಯಸಭೆಯ ಸುರುಳಿಗಳು ಆರಂಭವಾಗುವುದು ೧೨೪೦ರ ದಶಕದಲ್ಲಿ. ೧೨೭೫ರ ಶಾಸನದನ್ವಯ ಕಾನೂನಿನ ನೆನಪಿನ ಗಡಿ ಒಂದನೆಯ ರಿಚರ್ಡ್ ಪಟ್ಟಕ್ಕೆ ಬಂದ ೧೧೮೯ಕ್ಕೆ ನಿಂತಿತು. ಹೀಗೆ ‘ಅನಾದಿ’ ಎಂಬುದಕ್ಕೂ ಒಂದು ಇಸವಿ ಗೊತ್ತಾಯಿತು. ಆದರೂ ನೆನಪು ಕೂಡಲೇ ಸೋತಿತೆಂದು ಹೇಳಲಾಗದು. ಭೂಮಿಯ ವಾರಸುದಾರನಿಗೆ ವಯಸ್ಸು ತುಂಬಿದೆಯೆಂದು ಸಾಬೀತುಪಡಿಸಲು ನೆರೆಯವರನ್ನೇ ಕರೆಯುತ್ತಿದ್ದರು. ಆ ಮಗು ಹುಟ್ಟಿದ ವರ್ಷ ತನ್ನ ಮನೆಗೆ ಬೆಂಕಿ ಬಿತ್ತು, ತನ್ನ ಮಗಳ ಮದುವೆಯಾಯಿತು ಎಂಬಂಥ ಸಾಕ್ಷ್ಯಗಳು ಆ ವಿಚಾರಣೆಗಳಲ್ಲಿವೆ. ಕಾಲಕ್ರಮೇಣ ಇವೂ ಸಿದ್ಧಸೂತ್ರಗಳಾದವು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮೌಖಿಕ ಪರಂಪರೆಯನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ.

ಬೀಸುಕಲ್ಲಿನ ಕತೆ

ವಾಡಿಕೆಯ ಒಡೆತನದ ಹೋರಾಟ ಹೆಚ್ಚು ತೀವ್ರವಾಗಿ ಕಂಡದ್ದು ಹರ್ಟ್‌ಫರ್ಡ್‌ಶೈರಿನ ಸೇಂಟ್ ಆಲ್ಬನ್ಸ್‌ನಲ್ಲಿ. ಅಲ್ಲಿನ ಪಟ್ಟಣಕ್ಕೂ ಸುತ್ತಲಿನ ಹಳ್ಳಿಗಳಿಗೂ ಬೆನೆಡಿಕ್ಟೀನ್ ಮಠವೇ ಒಡೆಯ. ಧಾನ್ಯವನ್ನು ಮಠದ ಗಿರಣಿಯಲ್ಲಿಯೇ ಬೀಸಿಸಿ ಸುಂಕ ತೆರಬೇಕೆಂಬುದು ಮಠದ ವಾದ. ಮನೆಯ ಬೀಸುಕಲ್ಲು ತಮ್ಮ ಹಳೆಯ ಹಕ್ಕು ಎಂಬುದು ಜನರ ವಾದ. ೧೩೨೭ರಿಂದ ೧೩೩೬ರವರೆಗೆ ಮಠಾಧಿಪತಿಯಾಗಿದ್ದ ರಿಚರ್ಡ್ ಆಫ್ ವಾಲಿಂಗ್‌ಫರ್ಡ್ ಖಗೋಳ ಗಡಿಯಾರವೊಂದನ್ನು ರೂಪಿಸಿದ ಮೇಧಾವಿ. ಅವನೇ ಮನೆಮನೆಯ ಬೀಸುಕಲ್ಲುಗಳನ್ನು ವಶಪಡಿಸಿಕೊಂಡು, ಮಠದ ಮಾತುಕತೆಯ ಕೋಣೆಯ ನೆಲಕ್ಕೆ ಹಾಸುಗಲ್ಲಾಗಿ ಹಾಕಿಸಿದ. ಸೋತವರ ಅಡುಗೆಮನೆಯ ಕಲ್ಲು ಗೆದ್ದವರ ಕಾಲಡಿಗೆ ಬಂತು.

ಸುಮಾರು ಐವತ್ತು ವರ್ಷ ಆ ಕಲ್ಲುಗಳು ಅಲ್ಲಿದ್ದವು. ಈ ನಡುವೆ ೧೩೪೮–೪೯ರ ಮಹಾಮಾರಿ ಇಂಗ್ಲೆಂಡಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚನ್ನು ಬಲಿತೆಗೆದುಕೊಂಡಿತೆಂದು ಅಂದಾಜಿಸಲಾಗಿದೆ. ದುಡಿಯುವವರು ಕಡಮೆಯಾಗಿ ಕೂಲಿ ಏರತೊಡಗಿದಾಗ ೧೩೪೯ರ ಆಜ್ಞೆ ಮತ್ತು ೧೩೫೧ರ ಶಾಸನ ಹಳೆಯ ಕೂಲಿಯನ್ನೇ ಗೊತ್ತುಮಾಡಲು ಯತ್ನಿಸಿದವು. ಒಕ್ಕಲುಗಳೂ ಬರಹದ ಬಲವನ್ನು ಅರಿತಿದ್ದರು. ೧೩೩೬ರಷ್ಟು ಹಿಂದೆಯೇ ಚೆಶೈರಿನ ಡಾರ್ನ್‌ಹಾಲ್‌ನ ಒಕ್ಕಲುಗಳು ತಾವು ಸ್ವತಂತ್ರರೆಂದು ವಾದಿಸುತ್ತ ತಮ್ಮ ಮಠಾಧಿಪತಿಯ ವಿರುದ್ಧ ದೂರನ್ನು ಅರಸನವರೆಗೆ ಕೊಂಡೊಯ್ದಿದ್ದರು. ೧೩೭೬–೭೭ರಲ್ಲಿ ದಕ್ಷಿಣ ಇಂಗ್ಲೆಂಡಿನ ಕನಿಷ್ಠ ೪೦ ಹಳ್ಳಿಗಳವರು ೧೦೮೬ರ ‘ಡೂಮ್ಸ್‌ಡೇ’ ಸಮೀಕ್ಷೆಯಲ್ಲಿ ತಮ್ಮ ಊರಿನ ಬಗ್ಗೆ ಇರುವ ಭಾಗದ ಅಧಿಕೃತ ನಕಲುಗಳನ್ನು ಹಣ ತೆತ್ತು ಪಡೆದರು. ಹಿಂದೆ ರಾಜನ ಕೈಯಲ್ಲಿದ್ದ ಮ್ಯಾನರುಗಳ ಒಕ್ಕಲುಗಳ ಮೇಲೆ ಹೊಸ ಹೊರೆ ಹೊರಿಸುವಂತಿಲ್ಲವೆಂಬ ನ್ಯಾಯತತ್ತ್ವ ಅವರ ಆಧಾರ. ಪುಸ್ತಕ ಅವರ ಪರವಾಗಿ ನಿಲ್ಲಲಿಲ್ಲ. ೧೩೭೭ರ ಸಂಸತ್ತಿನಲ್ಲಿ ಭೂಮಾಲೀಕರು ಈ ಚಳವಳಿಯ ವಿರುದ್ಧ ಮನವಿ ಸಲ್ಲಿಸಿದರು.

ತಲೆಗಂದಾಯದ ಹೊರೆಯಿಂದ ಸಿಡಿದ ೧೩೮೧ರ ಬಂಡಾಯದಲ್ಲಿ ಎಸೆಕ್ಸ್, ಕೆಂಟ್ ಮೊದಲಾದ ಪ್ರಾಂತಗಳ ಅನೇಕ ಮ್ಯಾನರುಗಳ ನ್ಯಾಯಸಭೆಯ ಸುರುಳಿಗಳು ಬೆಂಕಿಗೆ ಆಹುತಿಯಾದವು. ಅದನ್ನು ಅನಕ್ಷರಸ್ಥರ ಕುರುಡು ದ್ವೇಷವೆಂದು ಆ ಕಾಲದ ಮಠದ ಚರಿತ್ರೆಕಾರರು ಚಿತ್ರಿಸಿದರು. ಆದರೆ ಅದೇ ಜೂನ್ ತಿಂಗಳಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ವಿಲಿಯಂ ಗ್ರಿಂಡ್‌ಕಾಬ್‌ನ ಮುಂದಾಳತ್ವದಲ್ಲಿ ನಡೆದ ಘಟನೆಗಳು ಬೇರೆಯ ಅರ್ಥವನ್ನು ಸೂಚಿಸುತ್ತವೆ. ಜನ ಮಠದ ಪತ್ರಗಳನ್ನು ಸುಟ್ಟರು. ಜೊತೆಗೇ ಒಂದು ಹಳೆಯ ಸನ್ನದನ್ನು ಬೇಡಿದರು. ಎಂಟನೆಯ ಶತಮಾನದ ಆಫ಼ ಎಂಬ ಅರಸ ತಮ್ಮ ಪೂರ್ವಿಕರಿಗೆ ಕೊಟ್ಟದ್ದೆಂದೂ ಅದರ ದೊಡ್ಡಕ್ಷರಗಳು ಒಂದು ಚಿನ್ನದ್ದು, ಒಂದು ನೀಲಿಯದು ಎಂದೂ ಅವರು ನಂಬಿದ್ದರು. ಮಠದವರು ಅಂಥ ಪತ್ರ ತಮ್ಮಲ್ಲಿಲ್ಲವೆಂದರು. ಇಲ್ಲದ ಸನ್ನದಿನ ಅಕ್ಷರಗಳ ಬಣ್ಣವನ್ನೂ ನೆನಪಿಟ್ಟಿದ್ದ ಈ ಐತಿಹ್ಯ, ನ್ಯಾಯವಾದ ಬರಹವೊಂದು ಎಲ್ಲೋ ಇದ್ದೇ ಇದೆ ಎಂಬ ಜನರ ನಂಬಿಕೆಯ ರೂಪ.

ಆಮೇಲೆ ಅವರು ಮಾತುಕತೆಯ ಕೋಣೆಯ ನೆಲವನ್ನು ಅಗೆದು ಬೀಸುಕಲ್ಲುಗಳನ್ನು ಹೊರತೆಗೆದರು. ಒಡೆದು ಚೂರುಗಳನ್ನು ಎಲ್ಲರಿಗೂ ಹಂಚಿದರು. ಮಠದ ಚರಿತ್ರೆಕಾರ ಥಾಮಸ್ ವಾಲ್ಸಿಂಗ್‌ಹ್ಯಾಮ್ ಈ ಹಂಚಿಕೆಯನ್ನು ಭಾನುವಾರ ಚರ್ಚುಗಳಲ್ಲಿ ಹಂಚುವ ಪ್ರಸಾದದ ರೊಟ್ಟಿಗೆ ಹೋಲಿಸಿದ್ದಾನೆ. ಹೋಲಿಕೆ ವಿರೋಧಿಯದು, ಆದರೂ ಅವನು ಕಂಡದ್ದು ಒಂದು ಆಚರಣೆಯನ್ನೇ. ಧಾನ್ಯ ಬೀಸಲು ಬಾರದ ಆ ಚೂರುಗಳ ಬೆಲೆ ನೆನಪಿನದು. ತಂದೆ ತಾತಂದಿರಿಂದ ಕಸಿದ ಕಲ್ಲು ಯಾವ ನೆಲದಡಿ ಇದೆಯೆಂಬುದನ್ನು ಅರ್ಧ ಶತಮಾನ ಯಾವ ಸುರುಳಿಯೂ ಅವರಿಗೆ ಕಾಪಾಡಿಕೊಟ್ಟಿರಲಿಲ್ಲ. ಬಂಡಾಯ ಅಡಗಿದ ಮೇಲೆ ಗ್ರಿಂಡ್‌ಕಾಬ್‌ನನ್ನು ಗಲ್ಲಿಗೇರಿಸಲಾಯಿತು; ಮಠ ತನ್ನ ಹಕ್ಕುಗಳನ್ನು ಮರಳಿ ಪಡೆಯಿತು.

ಸಮಾರೋಪ

೧೩೮೧ರ ಬಂಡಾಯ ಸೋತರೂ ಹಳೆಯ ಅಧೀನತೆ ಬಹುಕಾಲ ನಿಲ್ಲಲಿಲ್ಲ. ಜನಸಂಖ್ಯೆಯ ಕುಸಿತ, ಏರಿದ ಕೂಲಿ, ಊರು ಬಿಟ್ಟು ಹೋಗುವ ಒಕ್ಕಲುಗಳು ಇವುಗಳ ಒತ್ತಡದಲ್ಲಿ ಒಡೆಯರು ಡಿಮೇನ್ ಭೂಮಿಯನ್ನು ಗುತ್ತಿಗೆಗೆ ಕೊಟ್ಟರು. ಬಿಟ್ಟಿದುಡಿಮೆ ಹಣದ ಗೇಣಿಯಾಗಿ ಮಾರ್ಪಟ್ಟಿತು. ೧೫ನೆಯ ಶತಮಾನದ ಹೊತ್ತಿಗೆ ವಿಲೆನ್‌ನ ಹಿಡುವಳಿ ‘ಕಾಪಿಹೋಲ್ಡ್’ ಎಂಬ ಹೆಸರು ಪಡೆಯಿತು. ನ್ಯಾಯಸಭೆಯ ಸುರುಳಿಯಲ್ಲಿ ದಾಖಲಾದುದರ ನಕಲು ಒಕ್ಕಲಿನ ಕೈಯಲ್ಲಿ ಹಕ್ಕುಪತ್ರವಾಗಿರುತ್ತಿತ್ತು. ಭೂಮಿಯನ್ನು ಅವನು ‘ಮ್ಯಾನರಿನ ವಾಡಿಕೆಯಂತೆ’ ಅನುಭವಿಸುತ್ತಿದ್ದ. ತಾತ ಸುಟ್ಟ ಸುರುಳಿಯ ತುಣುಕು ಮೊಮ್ಮಗನ ಪೆಟ್ಟಿಗೆಯಲ್ಲಿ ರಕ್ಷಣೆಯಾಗಿ ಕುಳಿತಿತು. ೧೯೨೨ರ ಶಾಸನದ ಫಲವಾಗಿ ೧೯೨೬ರ ಜನವರಿ ೧ರಂದು ಕಾಪಿಹೋಲ್ಡ್ ಕೊನೆಗೊಳ್ಳುವವರೆಗೆ ಈ ವಾಡಿಕೆಯ ಹೆಸರು ಇಂಗ್ಲೆಂಡಿನ ಭೂಕಾನೂನಿನಲ್ಲಿ ಜೀವಂತವಾಗಿತ್ತು.

ಈ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ವಾಡಿಕೆ ಎಂಬುದು ಬದಲಾಗದ ಹಳತಲ್ಲ. ಒಡೆಯ ಹೊರೆಯನ್ನು ಹೆಚ್ಚಿಸಲು, ಒಕ್ಕಲು ಅದನ್ನು ತಡೆಯಲು ಒಂದೇ ಮಾತನ್ನು ಬಳಸುತ್ತಿದ್ದರು. ‘ಹಿಂದಿನಿಂದ ನಡೆದುಬಂದದ್ದು’ ಎಂಬ ಹೇಳಿಕೆಯ ಹಿಂದೆ ಪ್ರತಿ ಬಾರಿಯೂ ಇಂದಿನ ಅಗತ್ಯವೊಂದಿತ್ತು. ಎರಡನೆಯದು, ಆಕರಗಳಿಗೆ ಸಂಬಂಧಿಸಿದ್ದು. ಲಿಂಕನ್‌ಶೈರಿನ ಸರ್ ಜೆಫ್ರಿ ಲಟ್ರೆಲ್‌ಗಾಗಿ ೧೩೨೫–೧೩೪೦ರ ನಡುವೆ ಸಿದ್ಧವಾದ ಸಚಿತ್ರ ಕೀರ್ತನಗ್ರಂಥದಲ್ಲಿ ಉಳುವವರು, ಬಿತ್ತುವವರು, ಕೊಯ್ಯುವ ಹೆಂಗಸರು ಅಂದವಾಗಿ, ಅಡಕವಾಗಿ ದುಡಿಯುತ್ತಾರೆ. ಅದು ಒಡೆಯ ಕಾಣಬಯಸಿದ ಹಳ್ಳಿ. ನ್ಯಾಯಸಭೆಯ ಸುರುಳಿಯಲ್ಲಿ ಅದೇ ಜನ ತಡಮಾಡುತ್ತಾರೆ, ವಾದಿಸುತ್ತಾರೆ, ದಂಡ ತೆರುತ್ತಾರೆ. ಎರಡೂ ಒಡೆಯನ ಕಡೆಯ ಬರಹಗಳೇ ಆದರೂ ಎರಡನೆಯದರಲ್ಲಿ ಎದುರುಮಾತಿನ ಸದ್ದು ಉಳಿದಿದೆ. ‘ಪ್ರೀತಿಯಿಂದ ಮಾಡಿದೆವು, ಕಟ್ಟುಪಾಡಿನಿಂದಲ್ಲ’ ಎಂಬ ಎಲ್ಟನ್ ಒಕ್ಕಲುಗಳ ವಾದವನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟ ಗುಮಾಸ್ತನಿಗೆ ಅದನ್ನು ಉಳಿಸುವ ಉದ್ದೇಶವಿದ್ದಿರಲಾರದು. ಲಿಖಿತ ದಾಖಲೆಯಲ್ಲಿ ಹೀಗೆ ಸಿಕ್ಕಿಬಿದ್ದ ಮೌಖಿಕ ಮಾತನ್ನು ಬಿಡಿಸಿ ಕೇಳಿಸಿಕೊಳ್ಳುವುದು ಇತಿಹಾಸ ಮತ್ತು ಜಾನಪದ ಎರಡೂ ಅಧ್ಯಯನಶಿಸ್ತುಗಳಿಗೆ ಸೇರಿದ ಕೆಲಸ. ಕೋಟೆಯ ಗೋಡೆ ಅಳತೆಗೆ ಸಿಗುತ್ತದೆ. ಅದನ್ನು ಹೊತ್ತು ನಿಂತ ದುಡಿಮೆಯ ಲೆಕ್ಕ ಬಹುಪಾಲು ಇಂಥ ಎದುರುಮಾತುಗಳಲ್ಲಿದೆ.